ಪಾಯಿಂಟ್ ಕಾಂಟ್ಯಾಕ್ಟ್ ಜರ್ಮೇನಿಯಂ ಡಿಟೆಕ್ಟರ್: ಕೊಳ್ಳುವವರು ಏನನ್ನು ನೋಡಬೇಕು?

ಗಾಮಾ ಕಿರಣಗಳ ಶಕ್ತಿಯನ್ನು ಅಳೆಯುವ ಡಿಟೆಕ್ಟರ್ ಕೊಳ್ಳಹೊರಟವರ ಕಣ್ಣು ಮೊದಲು ಹೋಗುವುದು ದಕ್ಷತೆಯ ಶೇಕಡಾವಾರು ಅಂಕಿಯ ಮೇಲೆ. ಪಾಯಿಂಟ್ ಕಾಂಟ್ಯಾಕ್ಟ್ ಮಾದರಿಯ ಶುದ್ಧ ಜರ್ಮೇನಿಯಂ ಡಿಟೆಕ್ಟರನ್ನು ಆ ಒಂದೇ ಅಂಕಿಯಿಂದ ಅಳೆದರೆ ಅದಕ್ಕೆ ಅನ್ಯಾಯವಾಗುತ್ತದೆ. ಅದರ ನಿಜವಾದ ಗುಣ ಇರುವುದು ಹರಳಿನ ಒಂದು ಮುಖದ ನಡುವಿನ ಪುಟ್ಟ ಸಂಪರ್ಕಬಿಂದುವಿನಲ್ಲಿ.

ಸುಮಾರು 77 ಕೆಲ್ವಿನ್ ತಂಪಿನಲ್ಲಿ ಜರ್ಮೇನಿಯಂನೊಳಗೆ ಒಂದು ಇಲೆಕ್ಟ್ರಾನ್-ರಂಧ್ರ ಜೋಡಿ (ಇಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗವೇ ರಂಧ್ರ) ಹುಟ್ಟಲು 2.96 ಇಲೆಕ್ಟ್ರಾನ್ ವೋಲ್ಟ್ ಸಾಕು. ಆದ್ದರಿಂದ ಕೋಬಾಲ್ಟ್-60ರ 1332 ಕೆ.ಇ.ವಿ. (ಸಾವಿರ ಇಲೆಕ್ಟ್ರಾನ್ ವೋಲ್ಟ್) ಕಿರಣ ಪೂರ್ತಿಯಾಗಿ ಹರಳಿನಲ್ಲೇ ಅಡಗಿದರೆ ಸುಮಾರು ನಾಲ್ಕೂವರೆ ಲಕ್ಷ ಜೋಡಿಗಳು ಸಿಗುತ್ತವೆ, ರೋಹಿತದಲ್ಲಿ, ಅಂದರೆ ಯಾವ ಶಕ್ತಿಯ ಘಟನೆಗಳು ಎಷ್ಟೆಂದು ತೋರಿಸುವ ನಕ್ಷೆಯಲ್ಲಿ, ಅದರ ಶಿಖರದ ಅಗಲ ಎರಡು ಕೆ.ಇ.ವಿ.ಗಿಂತ ಕಡಿಮೆಯಾಗುತ್ತದೆ. ಇಷ್ಟನ್ನು ಒಳ್ಳೆಯ ಕೊಆಕ್ಸಿಯಲ್ ಡಿಟೆಕ್ಟರ್ (ಹರಳಿನ ನಡುವೆ ಕೊರೆದ ಬಾವಿಯ ಉದ್ದಕ್ಕೂ ಸಂಪರ್ಕವಿರುವ ಸಾಮಾನ್ಯ ಮಾದರಿ) ಕೂಡ ಕೊಡುತ್ತದೆ. ಆದರೆ ಅದರ ಧಾರಕತೆ ಹತ್ತಾರು ಪಿಕೋಫ್ಯಾರಡ್ ಇದ್ದರೆ, ಪಾಯಿಂಟ್ ಕಾಂಟ್ಯಾಕ್ಟಿನಲ್ಲಿ ಅದು ಒಂದೆರಡಕ್ಕೆ ಇಳಿಯುವುದರಿಂದ ವಿದ್ಯುತ್ ಗದ್ದಲ ತಗ್ಗಿ, ತೀರ ಕಡಿಮೆ ಶಕ್ತಿಯ ಘಟನೆಗಳೂ ಕಾಣಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ರಂಧ್ರಗಳು ಬಿಂದುವಿನ ಹತ್ತಿರ ಬಂದಾಗಲೇ ಬಹುಪಾಲು ಸಂಕೇತ ಹುಟ್ಟುವ ಕಾರಣ, ಹರಳಿನ ಒಂದೇ ಜಾಗದಲ್ಲಿ ಶಕ್ತಿ ಬಿಟ್ಟ ಘಟನೆ ಒಂದು ಪ್ರವಾಹದ ಮೊನೆಯನ್ನೂ, ಹಲವೆಡೆ ಚದುರಿಸಿದ ಘಟನೆ ಹಲವು ಮೊನೆಗಳನ್ನೂ ತೋರಿಸುತ್ತದೆ.

ಇದನ್ನು ಥೋರಿಯಂ ಮೂಲವಿಟ್ಟು ನೋಡಬೇಕು. ರೋಹಿತದಲ್ಲಿ 1592 ಮತ್ತು 1621 ಕೆ.ಇ.ವಿ.ಯಲ್ಲಿ ಎರಡು ಶಿಖರಗಳು ಅಕ್ಕಪಕ್ಕ ನಿಲ್ಲುತ್ತವೆ. ಪ್ರವಾಹದ ಗರಿಷ್ಠ ಮೌಲ್ಯವನ್ನು ಶಕ್ತಿಯಿಂದ ಭಾಗಿಸಿ ಸೋಸಿದಾಗ, ಒಂದೇ ಜಾಗದ ಘಟನೆಗಳಿಂದಾದ ಮೊದಲನೆಯದು ಶೇ. 90ರಷ್ಟು ಉಳಿದು, ಹೆಚ್ಚಾಗಿ ಹಲವೆಡೆಯ ಘಟನೆಗಳಿಂದಾದ ಎರಡನೆಯದು ಸುಮಾರು ಶೇ. 10ಕ್ಕೆ ಕುಸಿಯುತ್ತದೆ. ಇಷ್ಟು ಸರಳವಾದ ಒಂದು ಭಾಗಾಕಾರದಿಂದ ಇಷ್ಟು ದೊಡ್ಡ ಫಲ ಸಿಗುವುದು ಈ ವಿನ್ಯಾಸದ ಬಗ್ಗೆ ನನಗಿರುವ ಮೆಚ್ಚುಗೆಗೆ ಮುಖ್ಯ ಕಾರಣ.

ನ್ಯೂಟ್ರಿನೊರಹಿತ ದ್ವಿಬೀಟಾ ಕ್ಷಯವನ್ನು, ಅಂದರೆ ಪರಮಾಣು ಬೀಜದಿಂದ ನ್ಯೂಟ್ರಿನೊ ಇಲ್ಲದೆ ಎರಡು ಇಲೆಕ್ಟ್ರಾನ್‌ಗಳಷ್ಟೇ ಹೊಮ್ಮುವ, ಇನ್ನೂ ಖಚಿತವಾಗಿ ಕಾಣದ ಕ್ಷಯವನ್ನು, ಹುಡುಕುವವರು ಇದನ್ನೇ ನೆಚ್ಚಿಕೊಂಡಿದ್ದಾರೆ; ಆ ಕ್ಷಯ ಸಾಮಾನ್ಯವಾಗಿ ಒಂದೇ ಜಾಗದ ಘಟನೆಯಾಗಿ ಕಾಣಬೇಕು. ಜರ್ಮೇನಿಯಂ-76 ಇಲ್ಲಿ ಮೂಲವೂ ಹೌದು, ಡಿಟೆಕ್ಟರೂ ಹೌದು. ನಿರೀಕ್ಷಿತ ಸಂಕೇತ 2039 ಕೆ.ಇ.ವಿ.ಯಲ್ಲಿದೆ. ಅಮೆರಿಕದ ಮಜೋರಾನಾ ಪ್ರಯೋಗ ಅಲ್ಲಿ ಸುಮಾರು 2.5 ಕೆ.ಇ.ವಿ. ಅಗಲವನ್ನು ಸಾಧಿಸಿತು. ಇಟಲಿಯ ಗ್ರಾನ್ ಸಾಸೋದ ಗೆರ್ಡಾ ಪ್ರಯೋಗ ಹರಳುಗಳನ್ನು ನೇರವಾಗಿ ದ್ರವ ಆರ್ಗಾನಿನಲ್ಲಿ ಇಳಿಬಿಟ್ಟು, ಈ ಕ್ಷಯದ ಅರ್ಧಾಯು 1.8 ಗುಣಿಸು 10ರ 26ನೇ ಘಾತದಷ್ಟು ವರ್ಷಗಳಿಗಿಂತ ಹೆಚ್ಚಿರಬೇಕೆಂದು 2020ರಲ್ಲಿ ತೋರಿಸಿತು.

ಕೊರತೆಗಳೂ ಇವೆ. ಹರಳು ಹಿಗ್ಗಿದಂತೆ ಬಿಂದುವಿನಿಂದ ದೂರದ ಭಾಗದಲ್ಲಿ ವಿದ್ಯುತ್ ಕ್ಷೇತ್ರ ಸೊರಗುವುದರಿಂದ ಹಳೆಯ ಆಕಾರದ ತೂಕ ಒಂದು ಕಿಲೋದ ಆಸುಪಾಸಿಗೇ ನಿಲ್ಲುತ್ತಿತ್ತು. ಈ ಎರಡರ ಮುಂದುವರಿಕೆಯಾದ ಲೆಜೆಂಡ್-200 ಪ್ರಯೋಗದಲ್ಲಿ ಬಳಸಿರುವ, ಎದುರು ಮುಖದಿಂದ ಬಾವಿ ಕೊರೆದ ಇನ್ವರ್ಟೆಡ್ ಕೊಆಕ್ಸಿಯಲ್ ಹರಳುಗಳು ಈ ಮಿತಿಯನ್ನು ದಾಟಿವೆ. ಲಿಥಿಯಂ ಹಾಯಿಸಿದ ಹೊರಪದರದ ಅಂಚಿನಲ್ಲಿ ಹುಟ್ಟುವ ನಿಧಾನ ಪಲ್ಸ್‌ಗಳು ಪೂರ್ತಿ ಶಕ್ತಿಯನ್ನು ತೋರಿಸದೆ ರೋಹಿತದ ಕಡಿಮೆ ಶಕ್ತಿಯ ಭಾಗವನ್ನು ಕೆಡಿಸುತ್ತವೆ. ತಂಪಾಗಿಸುವ ಖರ್ಚಂತೂ ತಪ್ಪಿದ್ದಲ್ಲ.

ಮಣ್ಣು, ನೀರಿನ ಮಾದರಿಗಳನ್ನು ಎಣಿಸುವ ಪ್ರಯೋಗಾಲಯಕ್ಕೆ ಕೊಆಕ್ಸಿಯಲ್ ಸಾಕು. ಅಪರೂಪದ ಘಟನೆಗಳನ್ನು ಹುಡುಕುವವರು ಪಾಯಿಂಟ್ ಕಾಂಟ್ಯಾಕ್ಟನ್ನೇ ಕೊಳ್ಳಬೇಕು. ತಯಾರಕರಿಂದ 1332ರ ಅಗಲದ ಜೊತೆಗೆ ಹೊರಪದರದ ದಪ್ಪವನ್ನೂ ಥೋರಿಯಂ ಪರೀಕ್ಷೆಯ ಫಲಿತಾಂಶವನ್ನೂ ಬರಹದಲ್ಲೇ ಕೇಳಿ ಪಡೆಯಬೇಕು.