ಎಸ್‌ಜಿಪಿಎಗೆ ಸರಿ, ಸಿಜಿಪಿಎಗೆ ನಂಬುವಂತಿಲ್ಲ: ಒಂದು ಲೆಕ್ಕದ ಆ್ಯಪ್

ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ಮುಗಿಸಿದ ತಮ್ಮ, ತನ್ನ ಸಿಜಿಪಿಎ (ಈವರೆಗಿನ ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿ) ನೋಡಿಕೊಳ್ಳಲು ಮೊಬೈಲಿಗೆ ಒಂದು ಉಚಿತ ಆ್ಯಪ್ ಹಾಕಿಕೊಂಡಿದ್ದ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ನಿಯಮಗಳಡಿ, ಓದಿದ ನನ್ನ ಬಳಿ ಅಷ್ಟೂ ಸೆಮಿಸ್ಟರುಗಳ ಅಂಕಪಟ್ಟಿ ಇರುವುದರಿಂದ, ಅವನು ಅದನ್ನು ನೆಚ್ಚಿಕೊಳ್ಳುವ ಮೊದಲು ನನ್ನ ಅಂಕಗಳನ್ನೇ ಹಾಕಿ ಎರಡು ಸಂಜೆ ಪರೀಕ್ಷಿಸಿದೆ.

ಒಂದು ಸೆಮಿಸ್ಟರಿನ ಸರಾಸರಿಯನ್ನು, ಅಂದರೆ ಎಸ್‌ಜಿಪಿಎಯನ್ನು, ಆ್ಯಪ್ ಚೊಕ್ಕವಾಗಿ ಲೆಕ್ಕ ಹಾಕುತ್ತದೆ. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು (ಅಂಕಕ್ಕೆ ತಕ್ಕಂತೆ ಸಿಗುವ, ಹತ್ತರವರೆಗಿನ ಪಾಯಿಂಟ್) ಅದರ ಕ್ರೆಡಿಟ್‌ನಿಂದ (ಆ ವಿಷಯಕ್ಕೆ ನಿಗದಿಯಾದ ತೂಕ) ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸುವ ಕ್ರಮವನ್ನು ಅದು ತಪ್ಪದೆ ಪಾಲಿಸುತ್ತದೆ. ಹಾಗಾಗಿ 4 ಕ್ರೆಡಿಟ್‌ನ ಗಣಿತಕ್ಕೂ 1 ಕ್ರೆಡಿಟ್‌ನ ಲ್ಯಾಬಿಗೂ ಒಂದೇ ತೂಕ ಬೀಳುವುದಿಲ್ಲ. 79 ಅಂಕ ಹಾಕಿದರೆ 8 ಪಾಯಿಂಟ್, 80 ಹಾಕಿದರೆ 9 ಎಂದು ತಾನೇ ತೋರಿಸುವುದು ನನಗೆ ಬಹಳ ಹಿಡಿಸಿತು, ಏಕೆಂದರೆ ಮರುಮೌಲ್ಯಮಾಪನಕ್ಕೆ ಹಾಕಬೇಕೇ ಬೇಡವೇ ಎಂದು ತೊಳಲಾಡುವವರಿಗೆ ಆ ಒಂದು ಅಂಕದ ಬೆಲೆ ಕಣ್ಣಿಗೆ ಕಾಣಬೇಕು. 20 ಕ್ರೆಡಿಟ್‌ಗಳ ಸೆಮಿಸ್ಟರಿನಲ್ಲಿ 4 ಕ್ರೆಡಿಟ್‌ನ ವಿಷಯದಲ್ಲಿ ಹೀಗೆ ಒಂದು ಪಾಯಿಂಟ್ ಏರಿದರೆ ಎಸ್‌ಜಿಪಿಎ 0.20 ಹೆಚ್ಚುತ್ತದೆ. ಜಾಹೀರಾತುಗಳ ಕಾಟವಿದೆ, ಸಹಿಸಿಕೊಳ್ಳಬಹುದು.

ಆ್ಯಪ್ ಎಡವುವುದು ಸಿಜಿಪಿಎಯಲ್ಲಿ. ನನ್ನ ಎರಡನೇ ಸೆಮಿಸ್ಟರಿಗೆ 20 ಕ್ರೆಡಿಟ್, ಎಸ್‌ಜಿಪಿಎ 7.20, ಮೂರನೆಯದಕ್ಕೆ 24 ಕ್ರೆಡಿಟ್, ಎಸ್‌ಜಿಪಿಎ 8.50. ಇವೆರಡನ್ನಷ್ಟೇ ಕೊಟ್ಟು ನೋಡಿದಾಗ ಅದು ಸುಮ್ಮನೆ ಕೂಡಿಸಿ, ಎರಡರಿಂದ ಭಾಗಿಸಿ 7.85 ಎಂದಿತು. ಕ್ರೆಡಿಟ್‌ನಿಂದ ಗುಣಿಸಿದರೆ 144 ಮತ್ತು 204, ಒಟ್ಟು 348. ಅದನ್ನು 44ರಿಂದ ಭಾಗಿಸಿದರೆ ಬರಬೇಕಾದದ್ದು 7.91. ವಿಷಯಗಳ ಮಟ್ಟದಲ್ಲಿ ಕ್ರೆಡಿಟ್‌ಗೆ ಇಷ್ಟು ಗೌರವ ಕೊಟ್ಟವರು ಸೆಮಿಸ್ಟರುಗಳ ಮಟ್ಟದಲ್ಲಿ ಅದನ್ನು ಕೈಬಿಟ್ಟದ್ದೇಕೆ ಎಂಬುದು ನನಗೆ ಅರ್ಥವಾಗಲಿಲ್ಲ.

ಶೇಕಡಾವಾರು ಪರಿವರ್ತನೆಯಂತೂ ಅಪಾಯಕಾರಿ. 2018ರ ಸ್ಕೀಮಿನವರು ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು. ಆ್ಯಪ್ ಯಾವ ಸ್ಕೀಮ್ ಎಂದು ಕೇಳದೆ ನೇರವಾಗಿ 10ರಿಂದ ಗುಣಿಸುತ್ತದೆ. ನನ್ನ ಲೆಕ್ಕದಲ್ಲಿ 71.6 ಆಗಬೇಕಾದದ್ದು ಅದರಲ್ಲಿ 78.5 ಆಯಿತು. ಕ್ಯಾಂಪಸ್ ಸಂದರ್ಶನದ ಅರ್ಜಿಯಲ್ಲಿ ಇದನ್ನೇ ತುಂಬಿದ ವಿದ್ಯಾರ್ಥಿ, ದಾಖಲೆ ಪರಿಶೀಲನೆಯ ದಿನ ಸುಳ್ಳು ಹೇಳಿದವನಂತೆ ನಿಲ್ಲಬೇಕಾಗುತ್ತದೆ.

ಐದಕ್ಕೆ ಎರಡು ನಕ್ಷತ್ರಗಳಿಗಿಂತ ಹೆಚ್ಚು ಕೊಡಲಾರೆ. ಸೆಮಿಸ್ಟರಿನ ಕ್ರೆಡಿಟ್ ಮತ್ತು ಸ್ಕೀಮ್ ಕೇಳುವ ಎರಡು ಖಾನೆಗಳನ್ನು ಸೇರಿಸುವಂತೆ ತಯಾರಕರಿಗೆ ಬರೆದಿದ್ದೇನೆ. ಅಲ್ಲಿಯವರೆಗೆ ನನ್ನ ತಮ್ಮ ಈ ಆ್ಯಪನ್ನು ಎಸ್‌ಜಿಪಿಎಗೆ ಮಾತ್ರ ಬಳಸಿ, ಸಿಜಿಪಿಎಯನ್ನು ಗೂಗಲ್ ಶೀಟ್ಸ್‌ನಲ್ಲಿ ಕ್ರೆಡಿಟ್‌ಗೊಂದು, ಎಸ್‌ಜಿಪಿಎಗೊಂದು ಕಾಲಂ ಮಾಡಿ ಹಾಕಿಕೊಳ್ಳುತ್ತಿದ್ದಾನೆ.