ಗ್ರಾಫ್ ತೋರಿಸದ ಕ್ಯಾಲ್ಕುಲೇಟರಿನಲ್ಲಿ ಗ್ರಾಫ್ ಪಾಠ

ಮಗ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಹೋದ ಮೇಲೆ ಅವನ ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್ ನನ್ನ ಪಾಲಿಗೆ ಬಂತು. ಸಂಜೆ ಮನೆಗೆ ಟ್ಯೂಷನ್‌ಗೆ ಬರುವ ಪಿಯುಸಿ ಮಕ್ಕಳಿಗೆ ಈಗ ಅದರಲ್ಲೇ ಗ್ರಾಫ್ ಹೇಳಿಕೊಡುತ್ತೇನೆ. ಅದರ ಪರದೆಯಲ್ಲಿ ಗ್ರಾಫ್ ಬರುವುದೇ ಇಲ್ಲ. ನನಗೆ ಬೇಕಾದ್ದು ಅದರ ಟೇಬಲ್ ಮೋಡ್, ಅಂದರೆ ಎಕ್ಸ್‌ನ ಒಂದೊಂದು ಬೆಲೆಗೂ ಉತ್ತರವನ್ನು ಸಾಲಾಗಿ ಪಟ್ಟಿ ಮಾಡಿ ತೋರಿಸುವ ಸೌಲಭ್ಯ.

ಮೊದಲು ಮೊಬೈಲ್‌ನ ಒಂದು ಗ್ರಾಫ್ ಆ್ಯಪ್ ಬಳಸುತ್ತಿದ್ದೆ. ಛೇದ ಸೊನ್ನೆಯಾಗುವ ಕಡೆ ಅದು ಎರಡೂ ತುಂಡುಗಳನ್ನು ಸೇರಿಸಿ ಮೇಲಿಂದ ಕೆಳಗೆ ಗೆರೆ ಎಳೆದುಬಿಡುತ್ತಿತ್ತು. ತೂತು, ಅಂದರೆ ಗ್ರಾಫಿನಲ್ಲಿ ಒಂದೇ ಒಂದು ಬಿಂದು ಕಾಣೆಯಾದ ಜಾಗ, ಇರಬೇಕಾದಲ್ಲಿ ತೂತೇ ಕಾಣುತ್ತಿರಲಿಲ್ಲ. ಒಬ್ಬ ಹುಡುಗಿ ಆ ಗೆರೆಯೂ ಗ್ರಾಫಿನ ಭಾಗ ಅಂದುಕೊಂಡು ನೋಟ್‌ಬುಕ್ಕಿನಲ್ಲಿ ದಪ್ಪಗೆ ಎಳೆದಿದ್ದಳು. ಅವಳದೇನು ತಪ್ಪು, ಅಲ್ವಾ?

ನಾನು ಯಾವಾಗಲೂ ಕೊಡುವ ಲೆಕ್ಕ ಒಂದಿದೆ. ಅಂಶ ಎಕ್ಸ್² − ಎಕ್ಸ್ − 2, ಛೇದ ಎಕ್ಸ್² − 4. ಮೋಡ್ ಒತ್ತಿ 7 ಒತ್ತಬೇಕು. ಲೆಕ್ಕ ತುಂಬಿಸಿ ಸ್ಟಾರ್ಟ್ 1.5, ಎಂಡ್ 2.5, ಸ್ಟೆಪ್ 0.1 ಕೊಟ್ಟರೆ 2ರ ಎದುರು ‘ಎರರ್’ ಅಂತ ಬರುತ್ತದೆ. ಆಮೇಲೆ −2.5ರಿಂದ −1.5. ಅಲ್ಲಿ −2ರ ಎದುರೂ ಅದೇ ‘ಎರರ್’. ಈಗ ನಾನು ಸುಮ್ನೆ ಕೂರುತ್ತೇನೆ. ಅಕ್ಕಪಕ್ಕದ ಸಾಲನ್ನು ಮಕ್ಕಳೇ ನೋಡಬೇಕು. 1.9ಕ್ಕೆ ಸುಮಾರು 0.744, 2.1ಕ್ಕೆ 0.756. ಎಲ್ಲ ಶಾಂತ, ನಡುವಿನ 0.75 ಮಾತ್ರ ಕಾಣೆ. ಅದು ತೂತು. ಇತ್ತ −2.1ಕ್ಕೆ 11, −1.9ಕ್ಕೆ −9. ಇನ್ನೂ ಹತ್ತಿರ ಹೋದರೆ, −2.01ಕ್ಕೆ 101, −1.99ಕ್ಕೆ −99! ಅದು ಲಂಬ ಅಸಿಂಪ್ಟೋಟ್, ಅಂದರೆ ಗ್ರಾಫ್ ಹತ್ತಿರ ಹತ್ತಿರ ಹೋದರೂ ಮುಟ್ಟದ ನೆಟ್ಟಗಿನ ಗೆರೆ. ಒಂದೇ ‘ಎರರ್’ಗೆ ಎರಡು ಅರ್ಥ ಇದೆ ಅಂತ ಹೊಳೆದಾಗ ಮಕ್ಕಳ ಮುಖ ನೋಡಬೇಕು.

ಅಪವರ್ತನ ಮಾಡಿಸುವುದು ಆಮೇಲೆ. (ಎಕ್ಸ್ − 2) ಮೇಲೂ ಕೆಳಗೂ ಇದೆ, ಹೊಡೆದುಹೋಗುತ್ತದೆ. (ಎಕ್ಸ್ + 2) ಛೇದದಲ್ಲೇ ಉಳಿಯುತ್ತದೆ. ಗ್ರಾಫ್ ಹಾಳೆಯಲ್ಲಿ (2, 0.75)ಕ್ಕೆ ಖಾಲಿ ಸುತ್ತು, −2ರಲ್ಲಿ ಚುಕ್ಕೆ ಗೆರೆ.

ಒಂದು ಸಲಕ್ಕೆ 30 ಸಾಲು ಮಾತ್ರ ಸಿಗುತ್ತದೆ, ಹಾಗಾಗಿ ತುಂಡು ತುಂಡಾಗಿ ನೋಡಬೇಕು. ಸ್ಟೆಪ್ ಬಗ್ಗೆ ಜಾಸ್ತಿ ಎಚ್ಚರ ಬೇಕು. 1.5ರಿಂದ 0.3ರಂತೆ ಹೋದರೆ 1.8 ಆದಮೇಲೆ ನೇರ 2.1. ತೂತು ದಾಟಿಹೋದದ್ದು ಗೊತ್ತೇ ಆಗುವುದಿಲ್ಲ. ಛೇದ ಎಲ್ಲಿ ಸೊನ್ನೆ ಅಂತ ಮೊದಲು ಕೈಯಲ್ಲೇ ಕಂಡುಹಿಡಿದು, ಆಮೇಲೆ ಟೇಬಲ್ ತೆರೆಯಿರಿ.

ಹೊಸದು ಕೊಳ್ಳುವ ಮೊದಲು, ಮನೆಯಲ್ಲಿ ಇಂಜಿನಿಯರಿಂಗ್ ಓದಿದ ಅಣ್ಣನೋ ಅಕ್ಕನೋ ಇದ್ದರೆ ಅವರ ಬೀರುವಿನಲ್ಲಿ ಒಮ್ಮೆ ಹುಡುಕಿ.