ಒಂದೇ ಕೇಬಲ್‌ನ ಡಾಕ್: ಯುಎಸ್‌ಬಿ-ಸಿ ಮತ್ತು ಥಂಡರ್‌ಬೋಲ್ಟ್ ಬಳಸಿ ನೋಡಿದ ಮೇಲೆ

ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಒಂದೇ ಒಂದು ಕೇಬಲ್ ಸಿಕ್ಕಿಸಿದರೆ ಮಾನಿಟರ್ ಬೆಳಗಬೇಕು, ಕೀಲಿಮಣೆ ಮತ್ತು ಮೌಸ್ ಕೆಲಸ ಮಾಡಬೇಕು, ಹೊರಗಿನ ಡಿಸ್ಕ್ ತೆರೆದುಕೊಳ್ಳಬೇಕು, ಬ್ಯಾಟರಿಯೂ ಚಾರ್ಜ್ ಆಗಬೇಕು. ಎದ್ದು ಹೊರಡುವಾಗ ಅದೊಂದನ್ನು ಕಿತ್ತರೆ ಸಾಕಾಗಬೇಕು. ಈ ಅನುಕೂಲಕ್ಕಾಗಿ ಕಳೆದ ಎರಡು ವರ್ಷಗಳಲ್ಲಿ ನಾನು ಮೂರು ಬಗೆಯ ಸಾಧನಗಳನ್ನು ಬಳಸಿದ್ದೇನೆ: ಒಂದು ಪೋರ್ಟನ್ನು ಹಲವಾಗಿಸುವ, ಅಂಗೈಯಗಲದ ಒಂದು ಯುಎಸ್‌ಬಿ-ಸಿ ಹಬ್, ಯುಎಸ್‌ಬಿ-ಸಿ ಪೋರ್ಟ್ ಇರುವ 4ಕೆ ಮಾನಿಟರ್ ಮತ್ತು ಈಗ ಮೇಜಿನ ಮೇಲಿರುವ ಡಾಕ್, ಅಂದರೆ ಥಂಡರ್‌ಬೋಲ್ಟ್ 4 ಎಂಬ ವೇಗದ ಸಂಪರ್ಕವಿರುವ, ಹಲವು ಪೋರ್ಟ್‌ಗಳ ಪೆಟ್ಟಿಗೆ. ಮೂರಕ್ಕೂ ಸಿಕ್ಕಿಸುವ ತುದಿ ಒಂದೇ ಆಕಾರದ್ದು, ಒಳಗಿನ ಏರ್ಪಾಡು ಮಾತ್ರ ಒಂದೊಂದರದು ಒಂದೊಂದು ತೆರ. ಹೀಗಾಗಿ ಈ ವಿಮರ್ಶೆ ಯಾವುದೋ ಒಂದು ಕಂಪನಿಯ ಡಾಕ್‌ಗಿಂತ ಹೆಚ್ಚಾಗಿ ಆ ಏರ್ಪಾಡುಗಳನ್ನು ಕುರಿತದ್ದು.

2014ರಲ್ಲಿ ಬಂದ ಯುಎಸ್‌ಬಿ-ಸಿ ಕನೆಕ್ಟರಿನಲ್ಲಿ 24 ಪಿನ್‌ಗಳಿವೆ. ವಿದ್ಯುತ್ತಿಗೆ ಕೆಲವು, ಹಳೆಯ ಯುಎಸ್‌ಬಿ 2.0ಕ್ಕೆ ಪ್ರತ್ಯೇಕವಾಗಿ ಕೆಲವು, ಎರಡೂ ಕಡೆಯ ಸಾಧನಗಳು ತಮ್ಮ ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳಲು ಇನ್ನೊಂದೆರಡು. ಇವೆಲ್ಲ ಹೋದ ಮೇಲೆ ವೇಗದ ಸಂಚಾರಕ್ಕೆಂದು ಉಳಿಯುವುದು ನಾಲ್ಕು ಜೋಡಿ ತಂತಿಗಳು. ಇವನ್ನು ಲೇನ್‌ಗಳೆಂದು ಕರೆಯುತ್ತಾರೆ. ನಾಲ್ಕು ಲೇನ್‌ಗಳಲ್ಲಿ ಚಿತ್ರಕ್ಕೆ ಎಷ್ಟು, ದತ್ತಾಂಶಕ್ಕೆ ಎಷ್ಟು ಎಂಬ ಪಾಲುಪಟ್ಟಿಯೇ ಡಾಕ್‌ಗಳ ಹಣೆಬರಹವನ್ನು ನಿರ್ಧರಿಸುತ್ತದೆ; ಪೆಟ್ಟಿಗೆಯ ಮೇಲೆ ಮಾತ್ರ ಈ ಪಾಲುಪಟ್ಟಿಯನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಮೊದಲು ಕೊಂಡ ಹಬ್‌ನಲ್ಲಿ ಈ ಪಾಠ ಕಲಿತೆ. ಪೆಟ್ಟಿಗೆಯ ಮೇಲೆ 4ಕೆ ಎಂದು ದಪ್ಪಕ್ಷರದಲ್ಲಿತ್ತು. ಮಾನಿಟರಿಗೆ ಜೋಡಿಸಿದಾಗ ಚಿತ್ರವೂ ಸ್ಪಷ್ಟವಾಗಿಯೇ ಮೂಡಿತು, ಆದರೆ ಮೌಸ್ ಸರಿಸಿದರೆ ಬಾಣದ ಗುರುತು ಜಾರಿಕೊಂಡು ಹೋಗದೆ ಕುಪ್ಪಳಿಸಿಕೊಂಡು ಹೋಗುತ್ತಿತ್ತು, ಕಿಟಕಿಯೊಂದನ್ನು ಎಳೆದರೆ ಅದರೊಳಗಿನ ಅಕ್ಷರಗಳು ಕೈಗಿಂತ ಒಂದು ಕ್ಷಣ ಹಿಂದೆ ಬೀಳುತ್ತಿದ್ದವು. ಮಾನಿಟರೇ ಕೆಟ್ಟಿದೆಯೆಂದು ಎರಡು ದಿನ ಅದರ ಹಿಂದೆ ಬಿದ್ದಿದ್ದೆ. ಸೆಟ್ಟಿಂಗ್ಸ್ ತೆರೆದು ನೋಡಿದಾಗ ಪರದೆ ಸೆಕೆಂಡಿಗೆ 60 ಸಲದ ಬದಲು 30 ಸಲ ಮಾತ್ರ ಬದಲಾಗುತ್ತಿರುವುದು ಕಂಡಿತು. ಕಾರಣ ಸರಳವಾದದ್ದು: ಪರದೆಗೆ ಚಿತ್ರ ಕಳಿಸುವ ಪದ್ಧತಿಯಾದ ಡಿಸ್‌ಪ್ಲೇಪೋರ್ಟನ್ನು ಯುಎಸ್‌ಬಿ-ಸಿ ತಂತಿಗಳಲ್ಲಿ ಹರಿಸುವ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ವಿಧಾನದಲ್ಲಿ ಇಂಥ ಹಬ್‌ಗಳು ಎರಡು ಲೇನ್‌ಗಳನ್ನು ಚಿತ್ರಕ್ಕೂ ಇನ್ನೆರಡನ್ನು ಯುಎಸ್‌ಬಿ 3ಕ್ಕೂ ಬಿಡುತ್ತವೆ. ಡಿಸ್‌ಪ್ಲೇಪೋರ್ಟ್ 1.2ರ ಲೆಕ್ಕದಲ್ಲಿ ಒಂದು ಲೇನಿನ ವೇಗ ಸೆಕೆಂಡಿಗೆ 5.4 ಗಿಗಾಬಿಟ್, ಎರಡು ಲೇನ್‌ಗಳಲ್ಲಿ ದತ್ತಾಂಶವನ್ನು ಸಂಕೇತಕ್ಕಿಳಿಸುವ ಖರ್ಚು ಕಳೆದು ಕೈಗೆ ಸಿಗುವುದು 8.64 ಗಿಗಾಬಿಟ್, 60 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 60 ಸಲ ಬದಲಾಗುವ 4ಕೆ ಚಿತ್ರಕ್ಕೆ ಬೇಕಾದದ್ದು ಸುಮಾರು 12.5. ಲ್ಯಾಪ್‌ಟಾಪ್ ಮತ್ತು ಹಬ್ ಎರಡೂ ಡಿಸ್‌ಪ್ಲೇಪೋರ್ಟ್ 1.4ರ 8.1 ಗಿಗಾಬಿಟ್ ವೇಗಕ್ಕೆ ಸಿದ್ಧವಿದ್ದರೆ ಅದೇ ಎರಡು ಲೇನ್‌ಗಳಲ್ಲಿ 12.96 ಗಿಗಾಬಿಟ್ ದೊರೆಯುತ್ತದೆ, ಚಿತ್ರ ಅದರೊಳಗೆ ಅಂಚಿನಿಂದ ಅಂಚಿಗೆ ಹಿಡಿಸುತ್ತದೆ. ಆದ್ದರಿಂದ ಹಬ್ ಕೊಳ್ಳುವವರು 4ಕೆ ಎಂಬ ಅಕ್ಷರವನ್ನು ಬಿಟ್ಟು ಅದರ ಪಕ್ಕದಲ್ಲಿ 60 ಹರ್ಟ್ಸ್ ಎಂದಿದೆಯೇ ಎಂಬುದನ್ನು ನೋಡಬೇಕು.

ಯುಎಸ್‌ಬಿ-ಸಿ ಮಾನಿಟರ್ ಇದೇ ಗಂಟನ್ನು ಹೆಚ್ಚು ಪ್ರಾಮಾಣಿಕವಾಗಿ ಬಿಡಿಸಿತು. ಅದರ ಮೆನುವಿನ ಒಳಗೆಲ್ಲೋ ಹೆಚ್ಚಿನ ರೆಸಲ್ಯೂಷನ್ ಬೇಕೋ ಹೆಚ್ಚಿನ ದತ್ತಾಂಶ ವೇಗ ಬೇಕೋ ಎಂದು ಕೇಳುವ ಒಂದು ಆಯ್ಕೆಯಿತ್ತು. ಮೊದಲನೆಯದನ್ನು ಆರಿಸಿದೊಡನೆ ನಾಲ್ಕೂ ಲೇನ್‌ಗಳು ಚಿತ್ರದ ಪಾಲಾಗಿ ಮೌಸ್‌ನ ಬಾಣ ನಯವಾಗಿ ಓಡಾಡಿತು, ಆದರೆ ಮಾನಿಟರಿನ ಹಿಂಬದಿಯ ಯುಎಸ್‌ಬಿ ಪೋರ್ಟ್‌ಗಳಿಗೆ ಉಳಿದದ್ದು ಯುಎಸ್‌ಬಿ 2.0ರ 480 ಮೆಗಾಬಿಟ್ ಮಾತ್ರ. ಕೀಲಿಮಣೆಗೆ ಇದರಿಂದ ಏನೂ ಆಗದು. ಎಸ್‌ಎಸ್‌ಡಿಗೆ ಕಡತಗಳನ್ನು ನಕಲು ಮಾಡುವಾಗ ಮಾತ್ರ ವೇಗ ಸೆಕೆಂಡಿಗೆ 40 ಮೆಗಾಬೈಟನ್ನು ದಾಟಲಿಲ್ಲ. ಒಂದು ಪರದೆ, ಒಂದು ಕೀಲಿಮಣೆ, ಅಪರೂಪಕ್ಕೊಮ್ಮೆ ಪೆನ್‌ಡ್ರೈವ್ ಎನ್ನುವವರಿಗೆ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಥಂಡರ್‌ಬೋಲ್ಟ್ ಹಿಡಿದ ದಾರಿ ಬೇರೆ. 2011ರಲ್ಲಿ ಮಿನಿ ಡಿಸ್‌ಪ್ಲೇಪೋರ್ಟ್‌ನ ಆಕಾರದಲ್ಲಿ ಬಂದ ಇದು 2015ರಲ್ಲಿ ಮೂರನೆಯ ಆವೃತ್ತಿಯೊಂದಿಗೆ ಯುಎಸ್‌ಬಿ-ಸಿ ಆಕಾರಕ್ಕೆ ಬದಲಾಯಿತು. ಇದರಲ್ಲಿ ಲೇನ್‌ಗಳನ್ನು ಪಾಲು ಮಾಡುವುದಿಲ್ಲ. ನಾಲ್ಕನ್ನೂ ಕೂಡಿಸಿ ಎರಡೂ ದಿಕ್ಕಿನಲ್ಲಿ 40 ಗಿಗಾಬಿಟ್‌ನ ಹೆದ್ದಾರಿ ಮಾಡಿ, ಚಿತ್ರವನ್ನೂ ದತ್ತಾಂಶವನ್ನೂ ಪೊಟ್ಟಣಗಳಾಗಿ ಅದೇ ದಾರಿಯಲ್ಲಿ ಸಾಗಿಸುತ್ತದೆ. ಇಂಟೆಲ್ 2019ರಲ್ಲಿ ಈ ತಂತ್ರವನ್ನು ಯುಎಸ್‌ಬಿ ಕೂಟಕ್ಕೆ ಬಿಟ್ಟುಕೊಟ್ಟದ್ದರಿಂದ ಯುಎಸ್‌ಬಿ4 ಹುಟ್ಟಿತು. ಆದರೆ ಯುಎಸ್‌ಬಿ4 ಎಂಬ ಹೆಸರಿನಡಿ 20 ಗಿಗಾಬಿಟ್‌ನ ಪೋರ್ಟೂ ಇರಬಹುದು, 40 ಗಿಗಾಬಿಟ್‌ನದೂ ಇರಬಹುದು, ಹಲವು ಸೌಲಭ್ಯಗಳು ತಯಾರಕರ ಇಷ್ಟಕ್ಕೆ ಬಿಟ್ಟವು. 2020ರ ಥಂಡರ್‌ಬೋಲ್ಟ್ 4 ಇವನ್ನೇ ಕಡ್ಡಾಯ ಮಾಡಿತು: 40 ಗಿಗಾಬಿಟ್ ವೇಗ, ಎರಡು 4ಕೆ ಪರದೆಗಳು, ಪಿಸಿಐಇ (ಕಂಪ್ಯೂಟರಿನ ಭಾಗಗಳನ್ನು ಜೋಡಿಸುವ ವೇಗದ ದಾರಿ) ದತ್ತಾಂಶಕ್ಕೆ 32 ಗಿಗಾಬಿಟ್, ನಿದ್ದೆಗೆ ಹೋದ ಲ್ಯಾಪ್‌ಟಾಪನ್ನು ಡಾಕ್‌ನ ಕೀಲಿಮಣೆಯಿಂದಲೇ ಎಬ್ಬಿಸುವ ಅನುಕೂಲ. ವೇಗದಲ್ಲಿ ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸವಿಲ್ಲದಿದ್ದರೂ ನಾಲ್ಕಕ್ಕೆ ನಾನು ಹೆಚ್ಚು ಅಂಕ ಕೊಡುವುದು ಈ ಖಾತ್ರಿಗಾಗಿ.

ಈಗಿನ ಡಾಕ್‌ಗೆ ಎರಡು 4ಕೆ ಮಾನಿಟರ್, ಗಿಗಾಬಿಟ್ ನೆಟ್‌ವರ್ಕ್ ಮತ್ತು ಒಂದು ಎಸ್‌ಎಸ್‌ಡಿ ಅಂಟಿಕೊಂಡಿವೆ. ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಒಂದು ವಿಚಿತ್ರ ಮಾತ್ರ ಗಮನಕ್ಕೆ ಬಂತು. ಡಿಸ್ಕ್‌ನಿಂದ ಓದುವ ವೇಗಕ್ಕಿಂತ ಡಿಸ್ಕ್‌ಗೆ ಬರೆಯುವ ವೇಗ ಕೆಲವೊಮ್ಮೆ ಕುಗ್ಗುತ್ತದೆ. ಯೋಚಿಸಿದರೆ ಇದು ಸಹಜವೇ: ಎರಡು ಪರದೆಗಳ ಚಿತ್ರ ಲ್ಯಾಪ್‌ಟಾಪಿನಿಂದ ಹೊರಗೆ ಹೋಗುತ್ತದೆ, ಬರೆಯುವ ದತ್ತಾಂಶವೂ ಅದೇ ದಿಕ್ಕಿನಲ್ಲಿ ಹೋಗುತ್ತದೆ, ಒಳಬರುವ ದಿಕ್ಕು ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. 2023ರಲ್ಲಿ ಪ್ರಕಟವಾದ ಥಂಡರ್‌ಬೋಲ್ಟ್ 5 ಎರಡೂ ಕಡೆ 80 ಗಿಗಾಬಿಟ್ ಕೊಟ್ಟು, ಪರದೆಗೆ ಬೇಕಾದಾಗ ಹೊರದಿಕ್ಕನ್ನು 120ಕ್ಕೆ ಹಿಗ್ಗಿಸುವುದು ಇದೇ ಕಾರಣಕ್ಕೆ. ನನ್ನಂತೆ 60 ಹರ್ಟ್ಸ್‌ನಲ್ಲಿ ಅಕ್ಷರ ಓದುವವರಿಗೆ ಅದರ ಅಗತ್ಯವಿಲ್ಲ.

ಡಾಕ್ ಎಷ್ಟೇ ಸಮರ್ಥವಾಗಿದ್ದರೂ ಲ್ಯಾಪ್‌ಟಾಪ್ ಒಪ್ಪದಿದ್ದರೆ ಉಪಯೋಗವಿಲ್ಲ. ಮೂಲ ಎಂ1 ಚಿಪ್‌ನ ಮ್ಯಾಕ್‌ಬುಕ್ ಹೊರಗಿನ ಒಂದೇ ಪರದೆಯನ್ನು ನಡೆಸುತ್ತದೆ. ಒಂದೇ ಡಿಸ್‌ಪ್ಲೇಪೋರ್ಟ್ ಪ್ರವಾಹವನ್ನು ಎರಡಾಗಿ ಕವಲೊಡೆಸುವ ಹಬ್‌ಗಳು ವಿಂಡೋಸ್‌ನಲ್ಲಿ ಎರಡು ಬೇರೆ ಬೇರೆ ಪರದೆಗಳನ್ನು ಕೊಟ್ಟರೆ ಮ್ಯಾಕ್‌ಓಎಸ್‌ನಲ್ಲಿ ಎರಡರಲ್ಲೂ ಒಂದೇ ಚಿತ್ರವನ್ನು ತೋರಿಸುತ್ತವೆ. ಇದಕ್ಕೆ ಡಿಸ್‌ಪ್ಲೇಲಿಂಕ್ ಎಂಬ ಒಳದಾರಿಯಿದೆ, ಅಲ್ಲಿ ತಂತ್ರಾಂಶವೇ ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ಮೂಲಕ ಕಳಿಸುತ್ತದೆ. ಲೆಕ್ಕದ ಹಾಳೆಗಳಿಗೆ ಅದು ಸಾಕು, ಆದರೆ ಪ್ರೊಸೆಸರ್ ಅದಕ್ಕೆಂದು ದುಡಿಯಬೇಕಾಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಹಬ್ ನನಗೆ ಕೊಟ್ಟ ಕಾಟ ಇನ್ನೂ ನೆನಪಿದೆ. 100 ವ್ಯಾಟ್ ಚಾರ್ಜರನ್ನು ಹಬ್‌ಗೆ ಸಿಕ್ಕಿಸಿದರೆ ಅದು ತನ್ನ ಪಾಲಿಗೆ 15 ವ್ಯಾಟ್ ಇಟ್ಟುಕೊಂಡು ಉಳಿದದ್ದನ್ನು ಲ್ಯಾಪ್‌ಟಾಪಿಗೆ ಬಿಡುತ್ತಿತ್ತು, ಅದು ತಪ್ಪೇನಲ್ಲ. ಆದರೆ ಒಮ್ಮೆ ಕಡತಗಳು ನಕಲಾಗುತ್ತಿರುವಾಗಲೇ ಚಾರ್ಜರ್ ಕಿತ್ತೆ. ವಿದ್ಯುತ್ತಿನ ಒಪ್ಪಂದವನ್ನು ಹೊಸದಾಗಿ ಮಾಡಿಕೊಳ್ಳಲು ಹಬ್ ಕ್ಷಣಕಾಲ ಎಲ್ಲವನ್ನೂ ಕೈಬಿಟ್ಟಿತು. ಪರದೆ ಕಪ್ಪಾಯಿತು, ಡಿಸ್ಕ್ ಕಳಚಿಕೊಂಡಿತು, ನಕಲಾಗುತ್ತಿದ್ದ ಕಡತ ಕೆಟ್ಟಿತು. ಡಾಕ್‌ಗೆ ತನ್ನದೇ ವಿದ್ಯುತ್ ಅಡಾಪ್ಟರ್ ಇರುವುದರಿಂದ ಈ ಪ್ರಶ್ನೆಯೇ ಏಳುವುದಿಲ್ಲ. ಇಟ್ಟಿಗೆಯಷ್ಟು ದೊಡ್ಡದಾದ ಆ ಅಡಾಪ್ಟರನ್ನು ಮೇಜಿನಡಿ ಅಡಗಿಸುವುದು ಬೇರೆ ಕೆಲಸ.

ಈ ಇಡೀ ವ್ಯವಸ್ಥೆಯಲ್ಲಿ ನಾನು ಅತಿ ಕಡಿಮೆ ಅಂಕ ಕೊಡುವುದು ಕೇಬಲ್‌ಗೆ. ಫೋನಿನೊಂದಿಗೆ ಬಂದ ಕೇಬಲನ್ನು ಡಾಕ್‌ಗೆ ಹಾಕಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಕೀಲಿಮಣೆಯೂ ನಡೆಯಬಹುದು, ಪರದೆ ಮಾತ್ರ ಬೆಳಗುವುದಿಲ್ಲ. ವೇಗದ ಲೇನ್‌ಗಳ ತಂತಿಗಳೇ ಅದರೊಳಗಿರುವುದಿಲ್ಲ. ತನ್ನ ಸಾಮರ್ಥ್ಯವನ್ನು ಹೇಳಿಕೊಳ್ಳುವ ಇ-ಮಾರ್ಕರ್ ಚಿಪ್ ಇಲ್ಲದ ಕೇಬಲ್ 3 ಆಂಪಿಯರ್ ಮೀರುವಂತಿಲ್ಲ, ಅಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್. 5 ಆಂಪಿಯರ್‌ನ ಕೇಬಲ್ 100 ವ್ಯಾಟ್ ಕೊಡುತ್ತದೆ, 2021ರ ನಿಯಮದಂತೆ 48 ವೋಲ್ಟ್‌ಗೆ ತಯಾರಾದದ್ದು 240 ವ್ಯಾಟ್‌ವರೆಗೆ ಹೋಗುತ್ತದೆ. ಉದ್ದವೂ ಲೆಕ್ಕಕ್ಕೆ ಬರುತ್ತದೆ: ಒಳಗೆ ಚಿಪ್‌ಗಳ ಬಲವಿಲ್ಲದ ಸಾದಾ ಕೇಬಲ್ 40 ಗಿಗಾಬಿಟನ್ನು ಹೊರುವುದು ಸುಮಾರು 80 ಸೆಂಟಿಮೀಟರ್‌ವರೆಗೆ, ಎರಡು ಮೀಟರ್ ಬೇಕಾದರೆ ಆಕ್ಟಿವ್ ಕೇಬಲ್ ಬೇಕು. ವೇಗವನ್ನೂ ವ್ಯಾಟನ್ನೂ ಕೇಬಲ್ ಮೇಲೆಯೇ ತೋರಿಸುವ ಮುದ್ರೆಗಳನ್ನು ಯುಎಸ್‌ಬಿ ಸಂಸ್ಥೆ ರೂಪಿಸಿದ್ದರೂ ನನ್ನ ಡ್ರಾಯರಿನಲ್ಲಿರುವ ಒಂಬತ್ತು ಕೇಬಲ್‌ಗಳಲ್ಲಿ ಅಂಥ ಮುದ್ರೆಯಿರುವುದು ಒಂದಕ್ಕೆ. ಡಾಕ್‌ನೊಂದಿಗೆ ಬಂದ, ಮಿಂಚಿನ ಗುರುತಿನ ಪಕ್ಕ 4 ಎಂದು ಬರೆದಿರುವ ಕೇಬಲ್‌ಗೆ ಕೆಂಪು ದಾರ ಸುತ್ತಿಟ್ಟಿದ್ದೇನೆ. ಮನೆಯಲ್ಲಿ ಯಾರೂ ಅದನ್ನು ಫೋನ್ ಚಾರ್ಜಿಗೆ ಒಯ್ಯುವಂತಿಲ್ಲ.